ಕಲಿಸುವವರಿಗೆ ಕಲಿಸಿದವರು

ಆಸ್ಪತ್ರೆಯಲ್ಲಿ ಒಂದು ರಾತ್ರಿಯನ್ನಾದರೂ ಕಳೆದವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬರುತ್ತಾರೆ, ನೋಡುತ್ತಾರೆ, ಬರೆದುಕೊಟ್ಟು ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಬಳಿ ಇರುವಾಕೆ ದಾದಿ. ನಡುರಾತ್ರಿ ಎರಡು ಗಂಟೆಗೆ ಉಸಿರಿನ ಲಯ ತಪ್ಪಿದರೆ ಅದನ್ನು ಮೊದಲು ಕಾಣಬೇಕಾದವಳು ಆಕೆ. ವೈದ್ಯರನ್ನು ಎಬ್ಬಿಸಿ ಕರೆಸಬೇಕೆ, ಬೆಳಗಿನವರೆಗೆ ಕಾಯಬಹುದೆ ಎಂಬ ತೀರ್ಮಾನವೂ ಎಷ್ಟೋ ವೇಳೆ ಆಕೆಯದೇ. ಆ ತೀರ್ಮಾನದ ಮೇಲೆ ಒಂದು ಪ್ರಾಣ ನಿಂತಿರುತ್ತದೆ.

ಹಾಗಾದರೆ ಇಷ್ಟು ಹೊಣೆಯ ಕೆಲಸವನ್ನು ಆಕೆಗೆ ಕಲಿಸಿದವರು ಯಾರು? ಆ ಕಲಿಸಿದವರಿಗೆ ಕಲಿಸಿದವರು ಯಾರು? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಹೇಳಿ ಸುಮ್ಮನಾಗುತ್ತಾರೆ. ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಶುಶ್ರೂಷೆಯೆಂಬುದು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ್ದು, ಅದರಲ್ಲಿ ಸ್ನಾತಕೋತ್ತರ ವ್ಯಾಸಂಗ ಹುಟ್ಟಿದ್ದು, ಈ ಎರಡನೆಯ ಪ್ರಶ್ನೆಯಿಂದಲೇ. ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇನೆ.

ನೈಟಿಂಗೇಲಳ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದದ್ದು 1860ರಲ್ಲಿ. ಆ ಶಾಲೆಗೆ ತನ್ನದೇ ಆದ ನಿಧಿಯಿತ್ತು. ಕ್ರಿಮಿಯಾ ಯುದ್ಧದಲ್ಲಿ ಆಕೆ ಮಾಡಿದ ಸೇವೆಯನ್ನು ಮೆಚ್ಚಿ ಜನರು ಕೂಡಿಸಿಕೊಟ್ಟ ಹಣ ಅದು. ಈ ಚಿಕ್ಕ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ಗಂಟು ಇಲ್ಲಿಯೇ ಇದೆ. 1873ರಲ್ಲಿ ಅಮೆರಿಕದ ನ್ಯೂಯಾರ್ಕ್, ನ್ಯೂ ಹೇವನ್, ಬಾಸ್ಟನ್ ನಗರಗಳಲ್ಲಿ ಇದೇ ಮಾದರಿಯ ಶಾಲೆಗಳು ಹುಟ್ಟಿದವು. ಮಾದರಿಯೇನೋ ದಾಟಿಬಂತು, ನಿಧಿ ಮಾತ್ರ ದಾಟಿಬರಲಿಲ್ಲ. ಶಾಲೆಯ ಖರ್ಚನ್ನು ಆಸ್ಪತ್ರೆಯೇ ಹೊರಬೇಕಾಯಿತು. ಹೊತ್ತಮೇಲೆ ಆಸ್ಪತ್ರೆ ಅದಕ್ಕೆ ಪ್ರತಿಫಲ ಕೇಳದೆ ಬಿಡುತ್ತದೆಯೆ? ವಿದ್ಯಾರ್ಥಿನಿಯರ ದುಡಿಮೆಯೇ ಆ ಪ್ರತಿಫಲವಾಯಿತು.

ಆಸ್ಪತ್ರೆಗಳ ಆಡಳಿತಗಾರರು ಬಹುಬೇಗ ಒಂದು ಲೆಕ್ಕ ಕಂಡುಕೊಂಡರು. ಶಾಲೆಯೊಂದನ್ನು ತೆರೆದರೆ, ಊಟ ವಸತಿಯ ಮೇಲೆ ಅಲ್ಪಸ್ವಲ್ಪ ಕೈಖರ್ಚು ಕೊಟ್ಟು, ವಾರ್ಡುಗಳನ್ನೆಲ್ಲ ವಿದ್ಯಾರ್ಥಿನಿಯರಿಂದಲೇ ನಡೆಸಬಹುದು. 1880ರಲ್ಲಿ ಅಮೆರಿಕದಲ್ಲಿ ಇಂತಹ 15 ಶಾಲೆಗಳಿದ್ದವು. 1900ರ ಹೊತ್ತಿಗೆ ಆ ಸಂಖ್ಯೆ 400ನ್ನು ಮೀರಿತ್ತು. ವಿದ್ಯೆಯ ಮೇಲಿನ ಪ್ರೀತಿಯಿಂದ ಬೆಳೆದ ಬೆಳೆಯಲ್ಲ ಇದು. ಹನ್ನೆರಡು ಗಂಟೆ, ಕೆಲವು ವೇಳೆ ಅದಕ್ಕೂ ಹೆಚ್ಚು ಹೊತ್ತು ವಾರ್ಡಿನಲ್ಲಿ ದುಡಿದು ಬಂದ ಹುಡುಗಿ ರಾತ್ರಿ ಉಪನ್ಯಾಸ ಕೇಳಲು ಕೂತು ತೂಕಡಿಸುತ್ತಿದ್ದಳು. ಉಪನ್ಯಾಸ ಮಾಡುತ್ತಿದ್ದವರು ಬಿಡುವಾದಾಗ ಬರುತ್ತಿದ್ದ ವೈದ್ಯರು. ಅವರು ರೋಗದ ವಿಷಯ ಹೇಳಬಲ್ಲರು; ರೋಗಿಯನ್ನು ನೋವಾಗದಂತೆ ಮಗ್ಗುಲು ಹೊರಳಿಸುವುದು ಹೇಗೆ, ಹಾಸಿಗೆ ಹುಣ್ಣು ಏಳದಂತೆ ಕಾಪಾಡುವುದು ಹೇಗೆ ಎಂಬುದು ಅವರ ವಿದ್ಯೆಯಲ್ಲ. ಅದನ್ನು ಬಲ್ಲವರು ಹಿರಿಯ ದಾದಿಯರು. ಅವರಿಗೋ ಕೈಯಲ್ಲಿ ವಿದ್ಯೆಯಿತ್ತು, ಪಾಠ ಹೇಳುವ ಕ್ರಮ ತಿಳಿದಿರಲಿಲ್ಲ; ಅದನ್ನು ಕಲಿಯಲು ಜಗತ್ತಿನ ಯಾವ ಮೂಲೆಯಲ್ಲೂ ಒಂದು ಸ್ಥಳವಿರಲಿಲ್ಲ.

ಈ ಕೊರತೆಯನ್ನು ಸ್ಪಷ್ಟವಾಗಿ ಕಂಡವರು ಇಬ್ಬರು ಹೆಂಗಸರು. ಇಬ್ಬರೂ ಕೆನಡಾ ದೇಶದಲ್ಲಿ ಹುಟ್ಟಿದವರು. ಇಬ್ಬರೂ ದಾದಿಯಾಗುವ ಮುನ್ನ ಪಾಠ ಹೇಳಿದವರು. ಇಸಬೆಲ್ ಹ್ಯಾಂಪ್ಟನ್ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಅಡಿಲೇಡ್ ನಟಿಂಗ್ ಸಂಗೀತ ಕಲಿಸುತ್ತಿದ್ದವಳು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ದಾದಿಯರ ಶಾಲೆಯನ್ನು ತೆರೆದಾಗ ಹ್ಯಾಂಪ್ಟನ್ ಅದರ ಮುಖ್ಯಸ್ಥೆಯಾದಳು. ಮೊದಲ ತಂಡದಲ್ಲಿ ಸೇರಿದ ವಿದ್ಯಾರ್ಥಿನಿಯರಲ್ಲಿ ನಟಿಂಗ್ ಒಬ್ಬಳು. ಆಗ ಆಕೆಗೆ ಮೂವತ್ತು ದಾಟಿತ್ತು. 1894ರಲ್ಲಿ ಹ್ಯಾಂಪ್ಟನ್ ಮದುವೆಯಾಗಿ, ಇಸಬೆಲ್ ಹ್ಯಾಂಪ್ಟನ್ ರಾಬ್ ಎಂಬ ಹೆಸರಿನಿಂದ, ಆ ಹುದ್ದೆಯನ್ನು ಬಿಟ್ಟಳು. ಅದು ಕೆಲಕಾಲದಲ್ಲಿಯೇ ನಟಿಂಗಳ ಕೈಗೆ ಬಂತು. ನಟಿಂಗ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಲಿಯುವವರ ದುಡಿಮೆಯನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿದ್ದು. ಆಮೇಲೆ 1901ರಲ್ಲಿ, ವಾರ್ಡಿಗೆ ಕಾಲಿಡುವ ಮೊದಲು ಆರು ತಿಂಗಳು ಕಡ್ಡಾಯವಾಗಿ ಓದಬೇಕೆಂಬ ಪೂರ್ವಸಿದ್ಧತೆಯ ಪಾಠಕ್ರಮವನ್ನು ತಂದಳು. ಏನೂ ಅರಿಯದ ಹುಡುಗಿಯನ್ನು ಸೇರಿದ ದಿನವೇ ರೋಗಿಯ ಮುಂದೆ ನಿಲ್ಲಿಸುವುದು ಆಕೆಗೂ ಅನ್ಯಾಯ, ರೋಗಿಗೂ ಅನ್ಯಾಯ ಎಂಬುದು ಇದರ ಹಿಂದಿದ್ದ ತಿಳಿವಳಿಕೆ.

ಈ ನಡುವೆ, 1893ರಲ್ಲಿ, ಚಿಕಾಗೋ ನಗರದಲ್ಲಿ ವಿಶ್ವಮೇಳ ನಡೆಯಿತು. ನಮ್ಮವರಿಗೆ ಆ ವರ್ಷದ ಚಿಕಾಗೋ ಎಂದೊಡನೆ ಸ್ವಾಮಿ ವಿವೇಕಾನಂದರ ನೆನಪು ಬರುತ್ತದೆ. ಅದೇ ಮೇಳದ ಅಂಗವಾಗಿ ನಡೆದ ಇನ್ನೊಂದು ಸಭೆಯಲ್ಲಿ ದಾದಿಯರ ಶಾಲೆಗಳ ಮುಖ್ಯಸ್ಥೆಯರು ಮೊದಲ ಬಾರಿಗೆ ಒಟ್ಟುಗೂಡಿದರು. ಆ ಸಭೆಯನ್ನು ಕೂಡಿಸಿದವಳು ಹ್ಯಾಂಪ್ಟನ್. ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ಹೆಣಗುತ್ತಿದ್ದವರು ಅಲ್ಲಿ ಸೇರಿ ತಮ್ಮದೊಂದು ಸಂಘ ಕಟ್ಟಿಕೊಂಡರು. ಶಾಲೆಶಾಲೆಗೂ ಒಂದೊಂದು ಪಾಠಪಟ್ಟಿ, ಒಂದೊಂದು ಅವಧಿ, ಒಂದೊಂದು ಅಳತೆಗೋಲು ಇದ್ದುದನ್ನು ಕಂಡು, ಮೊದಲು ಕಲಿಸುವವರನ್ನು ಸಿದ್ಧಪಡಿಸದೆ ಬೇರೇನೂ ಸರಿಹೋಗದೆಂಬ ನಿಶ್ಚಯಕ್ಕೆ ಬಂದರು.

ಆದರೆ ಅವರನ್ನು ಸಿದ್ಧಪಡಿಸುವುದು ಎಲ್ಲಿ? ವೈದ್ಯಕೀಯ ಕಾಲೇಜುಗಳ ಬಾಗಿಲನ್ನು ಅವರು ತಟ್ಟಲಿಲ್ಲ. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೊಂದಿಕೊಂಡಿದ್ದ ಟೀಚರ್ಸ್ ಕಾಲೇಜ್ ಎಂಬ ಅಧ್ಯಾಪಕರ ವಿದ್ಯಾಲಯದ ಬಾಗಿಲನ್ನು ತಟ್ಟಿದರು. ಈ ಆಯ್ಕೆ ಬಹಳ ಅರ್ಥವುಳ್ಳದ್ದು. ತಮಗೆ ಬೇಕಾದದ್ದು ಇನ್ನಷ್ಟು ವೈದ್ಯಶಾಸ್ತ್ರವಲ್ಲ, ತಮ್ಮಲ್ಲಿರುವ ವಿದ್ಯೆಯನ್ನು ಇನ್ನೊಬ್ಬರಿಗೆ ದಾಟಿಸುವ ಶಾಸ್ತ್ರ ಎಂಬುದನ್ನು ಅವರು ತಿಳಿದಿದ್ದರು. ಕಾಲೇಜಿನ ಮುಖ್ಯಸ್ಥ ಜೇಮ್ಸ್ ಅರ್ಲ್ ರಸಲ್ ಅವರ ಮಾತಿಗೆ ಕಿವಿಗೊಟ್ಟ. ಆದರೆ ಹಣದ ಹೊಣೆಯನ್ನು ಸಂಘವೇ ಹೊರಬೇಕಾಯಿತು. ವರ್ಷಕ್ಕೆ ಒಂದು ಸಾವಿರ ಡಾಲರು ಕೂಡಿಸಿಕೊಡುವುದಾಗಿ ಈ ಹೆಂಗಸರು ಒಪ್ಪಿದರು. ಸಂಬಳದಿಂದ ಬದುಕುವವರಿಗೆ ಅದು ಆ ದಿನಗಳಲ್ಲಿ ಚಿಕ್ಕ ಮೊತ್ತವಲ್ಲ.

1899ರ ಶರತ್ಕಾಲದಲ್ಲಿ ಪಾಠ ಆರಂಭವಾಯಿತು. ಅದಕ್ಕೆ ಕೊಟ್ಟ ಹೆಸರು ಆಸ್ಪತ್ರೆಯ ಅರ್ಥವ್ಯವಸ್ಥೆ ಎಂದು. ಬಂದ ವಿದ್ಯಾರ್ಥಿನಿಯರು ಎಷ್ಟು ಮಂದಿ ಗೊತ್ತೆ? ಇಬ್ಬರು! ಎಂಟು ತಿಂಗಳ ವ್ಯಾಸಂಗ. ಮನಶ್ಶಾಸ್ತ್ರ, ಬೋಧನಕ್ರಮ, ಜೀವಶಾಸ್ತ್ರ, ಆಹಾರ ಮತ್ತು ಗೃಹಾಡಳಿತ ಇವುಗಳನ್ನು ಕಾಲೇಜಿನ ಇತರ ವಿದ್ಯಾರ್ಥಿಗಳೊಡನೆ ಕೂತು ಕಲಿಯಬೇಕು. ಆಸ್ಪತ್ರೆಯ ಆಡಳಿತ, ದಾದಿಯರ ಶಾಲೆಯ ನಿರ್ವಹಣೆ ಇವುಗಳನ್ನು ಸಂಘದ ಹಿರಿಯರು ಸರದಿಯ ಮೇಲೆ ಬಂದು ಹೇಳಿಕೊಡುವರು. ಆ ಇಬ್ಬರಲ್ಲಿ ಒಬ್ಬಳಾದ ಆನಾ ಆಲೈನ್ ಮುಂದೆ ಅದೇ ಪಾಠಕ್ರಮವನ್ನು ನಡೆಸುವ ಭಾರವನ್ನು ವಹಿಸಿಕೊಂಡಳು. ಇಂದು ಜಗತ್ತಿನ ನೂರಾರು ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತಿರುವ ಉನ್ನತ ಶುಶ್ರೂಷಾ ವ್ಯಾಸಂಗದ ಬೀಜ ಇಬ್ಬರು ಕೂತಿದ್ದ ಆ ತರಗತಿ.

1907ರಲ್ಲಿ ನಟಿಂಗ್ ಹಾಪ್ಕಿನ್ಸ್ ಬಿಟ್ಟು ಟೀಚರ್ಸ್ ಕಾಲೇಜಿಗೆ ಪ್ರಾಧ್ಯಾಪಕಿಯಾಗಿ ಬಂದಳು. ದಾದಿಯೊಬ್ಬಳು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠವನ್ನು ಏರಿದ್ದು ಜಗತ್ತಿನ ಇತಿಹಾಸದಲ್ಲಿ ಅದೇ ಮೊದಲು. ದಾನಶೀಲೆಯಾದ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬಾಕೆ ಕೊಟ್ಟ ದೊಡ್ಡ ದತ್ತಿಯಿಂದ 1910ರಲ್ಲಿ ಶುಶ್ರೂಷೆ ಮತ್ತು ಆರೋಗ್ಯದ ಪ್ರತ್ಯೇಕ ವಿಭಾಗ ನಿಂತಿತು. ನೈಟಿಂಗೇಲಳ ನಂತರ ಅರ್ಧ ಶತಮಾನ ಕಳೆದಮೇಲೆ ಶುಶ್ರೂಷಾ ವಿದ್ಯೆಗೆ ಮತ್ತೆ ತನ್ನದೇ ಆದ ನಿಧಿ ದೊರೆಯಿತು ಎನ್ನಬಹುದು. ಅದೇ ವರ್ಷದ ಏಪ್ರಿಲಿನಲ್ಲಿ ಇಸಬೆಲ್ ರಾಬ್ ಕ್ಲೀವ್ಲೆಂಡ್ ನಗರದ ಬೀದಿಯಲ್ಲಿ ಟ್ರಾಂ ಗಾಡಿಗಳ ನಡುವೆ ಸಿಕ್ಕಿ ಪ್ರಾಣಬಿಟ್ಟಳು. ತಾನು ನೆಟ್ಟ ಗಿಡ ಹೂ ಬಿಡುವುದನ್ನು ಆಕೆ ಕಂಡಳು, ಹಣ್ಣನ್ನು ಕಾಣಲಿಲ್ಲ.

ವಿರೋಧವಿರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು, ಬೇಕಾದಷ್ಟಿತ್ತು. ದಾದಿ ಅತಿಯಾಗಿ ಕಲಿತರೆ ವೈದ್ಯನ ಮಾತು ಕೇಳಳು, ಪೊರಕೆ ಹಿಡಿಯಳು, ಸಂಬಳ ಹೆಚ್ಚು ಕೇಳಿಯಾಳು ಎಂದು ಆಗಿನ ವೈದ್ಯರಲ್ಲಿ ಹಲವರು ಹೇಳುತ್ತಿದ್ದರು. ಶುಶ್ರೂಷೆ ಹೆಂಗಸಿನ ಹುಟ್ಟುಗುಣ. ಅದಕ್ಕೆ ಪುಸ್ತಕವೇಕೆ ಎಂಬ ವಾದವೂ ಇತ್ತು. ನಮ್ಮಲ್ಲಿಯೂ ಕೈಗುಣ ಎಂಬ ಮಾತುಂಟು. ಕೈಗುಣ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬಳ ಕೈಗುಣ ಒಬ್ಬಳೊಡನೆಯೇ ಮುಗಿದುಹೋಗುತ್ತದೆ. ಅದು ಏಕೆ ಫಲಿಸಿತು ಎಂಬುದನ್ನು ಕಂಡುಹಿಡಿದು, ಬರೆದಿಟ್ಟು, ಇನ್ನೊಬ್ಬಳಿಗೆ ಕಲಿಸಿದಾಗ ಮಾತ್ರ ಅದು ವಿದ್ಯೆಯಾಗುತ್ತದೆ.

1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಈ ವಿಷಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಅದರ ಪರವಾಗಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಎಂಬಾಕೆ ಶಾಲೆಗಳನ್ನು ಸಂದರ್ಶಿಸಿ ಸಿದ್ಧಪಡಿಸಿದ ವರದಿ 1923ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಅಗತ್ಯ ಮತ್ತು ವಿದ್ಯಾರ್ಥಿನಿಯ ಅಗತ್ಯ ಎದುರುಬದುರಾದಾಗಲೆಲ್ಲ ಸೋಲುವುದು ವಿದ್ಯಾರ್ಥಿನಿಯೇ ಎಂಬುದನ್ನು ಅದು ನಿದರ್ಶನಗಳೊಡನೆ ತೋರಿಸಿತು. ಶಾಲೆಗಳಿಗೆ ಸ್ವತಂತ್ರ ನಿಧಿ ಬೇಕು; ಪಾಠ ಹೇಳುವವರು, ಮೇಲ್ವಿಚಾರಕಿಯರು, ಮನೆಮನೆಗೆ ಹೋಗುವ ಸಾರ್ವಜನಿಕ ಆರೋಗ್ಯ ದಾದಿಯರು ಇವರಿಗೆಲ್ಲ ಮೂಲಶಿಕ್ಷಣದ ಮೇಲೆ ಉನ್ನತ ಶಿಕ್ಷಣ ಬೇಕು ಎಂದು ಸಾರಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆನಿ ಗುಡ್ರಿಚ್ ಮುಖ್ಯಸ್ಥೆಯಾಗಿ ಶುಶ್ರೂಷಾ ಶಾಲೆ ತೆರೆಯಿತು. ಅದಕ್ಕೆ ಸ್ವಂತ ಬಜೆಟ್ಟು, ಸ್ವಂತ ಅಧ್ಯಾಪಕ ವರ್ಗ ಇತ್ತು. 1934ರಿಂದ ಅಲ್ಲಿ ಪದವೀಧರರಿಗೆ ಮಾತ್ರ ಪ್ರವೇಶ. ವ್ಯಾಸಂಗ ಮುಗಿಸಿದವರಿಗೆ ಮಾಸ್ಟರ್ ಪದವಿ.

ಇಲ್ಲಿಯವರೆಗೆ ಉನ್ನತ ವ್ಯಾಸಂಗದ ಗುರಿ ಎರಡೇ ಆಗಿತ್ತು: ಕಲಿಸುವುದು ಮತ್ತು ಆಡಳಿತ ನಡೆಸುವುದು. ಹೆಚ್ಚು ಓದಿದಷ್ಟೂ ದಾದಿ ರೋಗಿಯ ಹಾಸಿಗೆಯಿಂದ ದೂರ ಸರಿಯುತ್ತಿದ್ದಳು. ಇದು ಈ ಕಥೆಯ ದೊಡ್ಡ ವಿಪರ್ಯಾಸ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತದೆ ನಮ್ಮ ಗಾದೆ. ಆ ಮುಕ್ಕಾಲು ಬೆಳೆಯುವುದು ವಾರ್ಡಿನಲ್ಲಿ. ವಾರ್ಡಿನಲ್ಲಿ ಪಳಗಿದವಳನ್ನೇ ಓದಿಸಿ ಮೇಜಿನ ಹಿಂದೆ ಕೂರಿಸಿದರೆ ರೋಗಿಗೆ ದಕ್ಕಿದ್ದೇನು?

ಈ ವಿಪರ್ಯಾಸವನ್ನು ನೇರವಾಗಿ ಎದುರಿಸಿದವಳು ಹಿಲ್ಡೆಗಾರ್ಡ್ ಪೆಪ್ಲಾವ್. ಸಾಮಾನ್ಯ ಆಸ್ಪತ್ರೆಯ ಶಾಲೆಯಲ್ಲಿ ಕಲಿತು, ಟೀಚರ್ಸ್ ಕಾಲೇಜಿನಲ್ಲಿ ಮಾಸ್ಟರ್ ಪದವಿಯನ್ನೂ ಡಾಕ್ಟರೇಟನ್ನೂ ಪಡೆದವಳು. ಮನೋರೋಗಿಯೊಡನೆ ದಾದಿ ಆಡುವ ಮಾತು, ಕೇಳುವ ರೀತಿ, ಬೆಳೆಸುವ ಸಂಬಂಧ ಇವೇ ಚಿಕಿತ್ಸೆಯ ಭಾಗವೆಂದು ವಾದಿಸುವ ಗ್ರಂಥವನ್ನು 1948ರ ಹೊತ್ತಿಗೇ ಬರೆದು ಮುಗಿಸಿದ್ದಳು. ವೈದ್ಯನೊಬ್ಬನ ಹೆಸರು ಜೊತೆಗಿಲ್ಲದೆ ದಾದಿಯೊಬ್ಬಳೇ ಇಂತಹ ಗ್ರಂಥ ಬರೆಯುವುದೆಂದರೇನು ಎಂಬ ಸಂಕೋಚದಿಂದ ಅದರ ಪ್ರಕಟಣೆ ನಾಲ್ಕು ವರ್ಷ ತಡವಾಯಿತು. 1952ರಲ್ಲಿ ಗ್ರಂಥ ಹೊರಬಂತು. ಶುಶ್ರೂಷೆಯ ಸಂಶೋಧನೆಗೇ ಮೀಸಲಾದ ಪತ್ರಿಕೆಯೊಂದು ಅಮೆರಿಕದಲ್ಲಿ ಹುಟ್ಟಿದ್ದೂ ಅದೇ ವರ್ಷ. ಮುಂದೆ ಪೆಪ್ಲಾವ್ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ, ಮನೋರೋಗಿಗಳ ನಡುವೆಯೇ ಕೆಲಸ ಮಾಡುವ ತಜ್ಞ ದಾದಿಯರನ್ನು ರೂಪಿಸುವ ಸ್ನಾತಕೋತ್ತರ ಪಾಠಕ್ರಮವನ್ನು ಕಟ್ಟಿದಳು. ಹೆಚ್ಚು ಓದಿದವಳು ಹಾಸಿಗೆಯ ಬಳಿಗೇ ಹಿಂದಿರುಗಬೇಕು ಎಂಬ ಮಾತಿಗೆ ಅಲ್ಲಿ ಆಧಾರ ದೊರೆಯಿತು. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯ ಕೂಡಿ ಇನ್ನೊಂದು ಹೆಜ್ಜೆ ಇಟ್ಟರು. ವೈದ್ಯರು ಸಿಕ್ಕದ ಹಳ್ಳಿಗಾಡಿನಲ್ಲಿ ಮಕ್ಕಳನ್ನು ತಾನೇ ಪರೀಕ್ಷಿಸಿ ನೋಡಬಲ್ಲ ದಾದಿಯರನ್ನು ಅವರು ತರಬೇತುಗೊಳಿಸಿದರು. ನರ್ಸ್ ಪ್ರಾಕ್ಟಿಷನರ್ ಎಂಬ ವೃತ್ತಿ ಹುಟ್ಟಿದ್ದು ಹೀಗೆ.

ಇನ್ನು ನಮ್ಮ ದೇಶದ ಮಾತಿಗೆ ಬರೋಣ. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ವರದಿ ಒಪ್ಪಿಸಿತು. ಅದರ ಲೆಕ್ಕದಂತೆ ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ದಾದಿಯರು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬಳು. ಐನೂರು ಜನಕ್ಕೆ ಒಬ್ಬಳಾದರೂ ಬೇಕೆಂಬುದು ಸಮಿತಿ ಮುಂದಿಟ್ಟ ಗುರಿ. ದಾದಿಯರನ್ನು ಸಾವಿರಗಟ್ಟಲೆ ತಯಾರುಮಾಡಬೇಕಾದರೆ ಅವರಿಗೆ ಪಾಠ ಹೇಳುವವರು ನೂರುಗಟ್ಟಲೆ ಬೇಕು. ಹೀಗೆ ನ್ಯೂಯಾರ್ಕಿನಲ್ಲಿ 1899ರಲ್ಲಿ ಎದ್ದ ಪ್ರಶ್ನೆಯೇ ದೆಹಲಿಯಲ್ಲಿಯೂ ಎದ್ದಿತು. 1946ರಲ್ಲಿಯೇ ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ಬಿ.ಎಸ್‌ಸಿ. ಪದವಿಯ ಪಾಠಗಳು ತೊಡಗಿದವು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಶಾಸನವಾಯಿತು. 1959ರಲ್ಲಿ ದೆಹಲಿಯ ಕಾಲೇಜು ಎರಡು ವರ್ಷಗಳ ಮಾಸ್ಟರ್ ಪದವಿಯನ್ನು ಆರಂಭಿಸಿತು. ಭಾರತದಲ್ಲಿ ಅದೇ ಮೊದಲನೆಯದು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ಆ ಕಾಲೇಜು ಆಮೇಲೆ ಪಡೆಯಿತು.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಉಂಟು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಇಂದು ನಾವೆಲ್ಲ ನಿಮ್ಹಾನ್ಸ್ ಎಂದು ಕರೆಯುವುದು ಅದರಿಂದ ಬೆಳೆದ ಸಂಸ್ಥೆಯನ್ನೇ. ತರಬೇತಿ ಪಡೆದ ದಾದಿಯರು ಮಾನಸಿಕ ರೋಗಿಗಳ ಶುಶ್ರೂಷೆಯನ್ನು ವಿಶೇಷವಾಗಿ ಕಲಿಯುವ ಡಿಪ್ಲೊಮಾ ಪಾಠಕ್ರಮ ಅಲ್ಲಿ ಆ ದಶಕದಲ್ಲಿಯೇ ಹುಟ್ಟಿತು. ಪೆಪ್ಲಾವ್ ರಟ್ಗರ್ಸಿನಲ್ಲಿ ಪಾಠ ಹೇಳುತ್ತಿದ್ದುದೂ ಅದೇ ವರ್ಷಗಳಲ್ಲಿ ಎಂಬುದನ್ನು ಗಮನಿಸಿ. ಮನೋರೋಗವೆಂದರೆ ಗೋಡೆ, ಬೀಗ, ಕಾವಲು ಎಂದು ತಿಳಿದಿದ್ದ ಕಾಲದಲ್ಲಿ ರೋಗಿಯ ಪಕ್ಕ ಕೂತು ಮಾತಾಡುವುದನ್ನು ಒಂದು ವಿದ್ಯೆಯಾಗಿ ಕಲಿಸಹೊರಟದ್ದು ಸಣ್ಣ ಸಂಗತಿಯಲ್ಲ. ಮುಂದೆ, 2005ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಶುಶ್ರೂಷೆಯಲ್ಲಿ ಪಿಎಚ್.ಡಿ. ವ್ಯಾಸಂಗಕ್ಕಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿದಾಗ ಅದರ ಜೊತೆಗೂಡಿದ ವಿಶ್ವವಿದ್ಯಾನಿಲಯ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ.

ನಮ್ಮ ದೇಶದ ಎಂ.ಎಸ್‌ಸಿ. ನರ್ಸಿಂಗ್ ಪಾಠಪಟ್ಟಿಯನ್ನು ಬಿಡಿಸಿ ನೋಡಿದರೆ ಈ ಇತಿಹಾಸದ ಪದರಗಳೆಲ್ಲ ಅದರಲ್ಲಿ ಕಾಣುತ್ತವೆ. ನರ್ಸಿಂಗ್ ಶಿಕ್ಷಣ ಎಂಬ ವಿಷಯ ರಾಬ್ ಮತ್ತು ನಟಿಂಗ್ ಬಿಟ್ಟುಹೋದ ಆಸ್ತಿ. ಆಡಳಿತವೆಂಬುದು ಆ ಮೊದಲ ಎಂಟು ತಿಂಗಳ ಪಾಠದ ಮೊಮ್ಮಗು. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಆಮೇಲೆ ಬಂದವು. ವಿಶೇಷ ವಿಷಯವಾಗಿ ಮಕ್ಕಳ ಶುಶ್ರೂಷೆಯನ್ನೋ, ಬಾಣಂತಿಯರ ಶುಶ್ರೂಷೆಯನ್ನೋ, ಸಮುದಾಯ ಆರೋಗ್ಯವನ್ನೋ, ಮಾನಸಿಕ ಆರೋಗ್ಯವನ್ನೋ ಆರಿಸಿಕೊಳ್ಳುವುದು ಪೆಪ್ಲಾವಳ ಕಾಲದ ಕೊಡುಗೆ. ಕೊನೆಗೆ ಒಂದು ಪ್ರೌಢ ಪ್ರಬಂಧ. ಹೊರಗಿನವರಿಗೆ ಇದು ಒಣ ಪಟ್ಟಿಯಾಗಿ ಕಂಡೀತು. ಆದರೆ ಅದರ ಒಂದೊಂದು ಸಾಲಿನ ಹಿಂದೆಯೂ ಯಾರೋ ಒಬ್ಬರು ಕಾಡಿ ಬೇಡಿ ಗೆದ್ದುಕೊಂಡ ಜಾಗವಿದೆ.

ಇಷ್ಟೆಲ್ಲ ಓದಿನಿಂದ ರೋಗಿಗೆ ಲಾಭವಾಯಿತೆ? ಇದಕ್ಕೆ ಭಾವನೆಯ ಉತ್ತರ ಸಾಲದು. ಲೆಕ್ಕದ ಉತ್ತರ ಬೇಕು. ಲಿಂಡಾ ಏಕನ್ ಎಂಬ ದಾದಿ-ವಿದ್ವಾಂಸೆ ಮತ್ತು ಆಕೆಯ ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಲೆಕ್ಕ ತೆಗೆದು 2003ರಲ್ಲಿ ಪ್ರಕಟಿಸಿದರು. ವಾರ್ಡಿನ ದಾದಿಯರಲ್ಲಿ ಪದವೀಧರರ ಪ್ರಮಾಣ ನೂರಕ್ಕೆ ಹತ್ತರಷ್ಟು ಹೆಚ್ಚಿದ್ದ ಕಡೆ, ಮೂವತ್ತು ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ನೂರಕ್ಕೆ ಐದರಷ್ಟು ಕಡಮೆಯಿತ್ತು. 2014ರಲ್ಲಿ ಯೂರೋಪಿನ 9 ದೇಶಗಳ 4,22,730 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಇದೇ ಅಂತರ ನೂರಕ್ಕೆ ಏಳರಷ್ಟು ಕಂಡಿತು. ಇಂತಹ ಲೆಕ್ಕಗಳು ಎರಡು ಸಂಗತಿಗಳು ಜೊತೆಜೊತೆಗೆ ಇವೆಯೆಂದು ತೋರಿಸುತ್ತವೆ. ಒಂದೇ ಇನ್ನೊಂದಕ್ಕೆ ಕಾರಣವೆಂದು ಅವುಗಳಿಂದಲೇ ಸಾಧಿಸಲಾಗದು, ನಿಜ. ಆದರೂ ದಾದಿಗೆ ಪುಸ್ತಕವೇಕೆ ಎಂದು ಕೇಳುತ್ತಿದ್ದವರ ವಾದಕ್ಕೆ ಇವು ಅನುಕೂಲವಾಗಿಲ್ಲ ಎಂಬುದಂತೂ ಸ್ಪಷ್ಟ. ಆ ಹಳೆಯ ಜಗಳವನ್ನು ಅಂಕಿಗಳಿಂದ ಎದುರಿಸಲು ಸಾಧ್ಯವಾದದ್ದೂ ದಾದಿಯರಲ್ಲಿ ಕೆಲವರು ಸಂಶೋಧನೆಯನ್ನು ಕಲಿತದ್ದರಿಂದಲೇ.

ಹಾಗೆಂದು ಎಲ್ಲವೂ ನೆಟ್ಟಗಾಗಿದೆ ಎಂದು ತಿಳಿಯಬಾರದು. ಆಸ್ಪತ್ರೆಯ ಅಗತ್ಯ ಒಂದು ಕಡೆ, ಕಲಿಯುವವರ ಅಗತ್ಯ ಇನ್ನೊಂದು ಕಡೆ ಎಳೆಯುವುದು ಈಗಲೂ ನಿಂತಿಲ್ಲ. ಸ್ನಾತಕೋತ್ತರ ಪದವಿ ಪಡೆದವರು ತರಗತಿಯ ಕಡೆಗೆ ಸಾಗುತ್ತಾರೆ. ವಾರ್ಡಿನಲ್ಲಿಯೇ ಉಳಿದು ತಜ್ಞೆಯಾಗಿ, ಈಗ ಈ ವೃತ್ತಿಗೆ ಬಂದಿರುವ ಗಂಡಸಾದರೆ ತಜ್ಞನಾಗಿ, ಬೆಳೆಯಲು ದಾರಿ ಇನ್ನೂ ಕಿರಿದು. ಕಟ್ಟಡವೂ ಫಲಕವೂ ಇದ್ದು, ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಇಲ್ಲದಿದ್ದರೆ ಅದು ನರ್ಸಿಂಗ್ ಕಾಲೇಜು ಹೇಗಾದೀತು? ನಿಮ್ಮ ಮಗಳನ್ನೋ ತಂಗಿಯನ್ನೋ ಈ ವಿದ್ಯೆಗೆ ಸೇರಿಸುವಾಗ ಶುಲ್ಕವೆಷ್ಟು ಎಂದು ವಿಚಾರಿಸುತ್ತೀರಷ್ಟೆ. ಅದರ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಿ: ಪಾಠ ಹೇಳುವವರು ವಾರದಲ್ಲಿ ಎಷ್ಟು ಹೊತ್ತು ರೋಗಿಗಳ ಬಳಿ ಇರುತ್ತಾರೆ? ರಾತ್ರಿಯ ಪಾಳಿಯಲ್ಲಿ ಕಲಿಯುವ ಹುಡುಗಿಯ ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರುತ್ತಾರೆಯೆ? ನೂರಿಪ್ಪತ್ತು ವರ್ಷಗಳಿಗೂ ಹಿಂದೆ ತಮ್ಮ ಸಂಬಳದ ಹಣದಿಂದ ವಂತಿಗೆ ಕೂಡಿಸಿ ಇಬ್ಬರಿಗಾಗಿ ತರಗತಿ ತೆರೆದ ಆ ಹೆಂಗಸರು ಕೇಳಿದ್ದೂ ಇಂತಹ ಪ್ರಶ್ನೆಗಳನ್ನೇ. ಅವಕ್ಕೆ ದೊರೆಯುವ ಉತ್ತರವನ್ನು ನೋಡಿಯೇ ಆ ಕಾಲೇಜಿನ ಬೆಲೆ ಕಟ್ಟಿ.